ಕಿಡಿಗೆ ಸುದ್ದಿ ಮುಟ್ಟಿಸುವ ಕೊಳವೆ

ಹಳೆಯ ಮೋಟಾರು ಗಾಡಿಯೊಂದರ ಮುಚ್ಚಳವನ್ನೆತ್ತಿ ನೋಡಿದವರಿಗೆ ಎಂಜಿನಿನ ಮೇಲೆ ಅಡ್ಡಾದಿಡ್ಡಿಯಾಗಿ ಹರಿದಿರುವ ಹಲವು ಕೊಳವೆಗಳೂ ತಂತಿಗಳೂ ಕಾಣುತ್ತವೆ. ದಪ್ಪ ಕೊಳವೆಗಳಲ್ಲಿ ನೀರು ಹರಿಯುತ್ತದೆ; ಇನ್ನೊಂದರಲ್ಲಿ ಪೆಟ್ರೋಲು ಬರುತ್ತದೆ; ರಬ್ಬರು ಹೊದ್ದ ತಂತಿಗಳಲ್ಲಿ ಕಿಡಿಯ ವಿದ್ಯುತ್ತು ಸಾಗುತ್ತದೆ. ಇವುಗಳ ನಡುವೆ ಕಿರುಬೆರಳಿಗಿಂತಲೂ ತೆಳುವಾದ ಒಂದು ಕೊಳವೆಯು ಕಾರ್ಬ್ಯುರೇಟರಿನಿಂದ ಹೊರಟು, ಡಿಸ್ಟ್ರಿಬ್ಯೂಟರಿನ ಮಗ್ಗುಲಲ್ಲಿರುವ ಚಪ್ಪಟೆಯಾದ ಲೋಹದ ಡಬ್ಬಿಯೊಂದನ್ನು ಸೇರುತ್ತದೆ. ಅದರಲ್ಲಿ ನೀರಿಲ್ಲ, ಎಣ್ಣೆಯಿಲ್ಲ, ವಿದ್ಯುತ್ತೂ ಇಲ್ಲ. ಅದನ್ನು ಕಿತ್ತು ಬದಿಗಿಟ್ಟು ಮೂತಿಯನ್ನು ಮುಚ್ಚಿದರೆ ಎಂಜಿನು ನಿಲ್ಲುವುದೂ ಇಲ್ಲ. ಹೀಗಿರುವುದರಿಂದಲೇ ಅದನ್ನು ಅನಾವಶ್ಯಕವೆಂದು ತೆಗೆದುಹಾಕಿದವರೂ ಉಂಟು, ತೋಚಿದ ಕಡೆ ಸಿಕ್ಕಿಸಿದವರೂ ಉಂಟು.

ಇದರ ಫಲ ಒಡನೆಯೇ ತಿಳಿಯುವುದಿಲ್ಲ. ಪೆಟ್ರೋಲು ಹೆಚ್ಚು ಖರ್ಚಾಗತೊಡಗುತ್ತದೆ. ಸಂತೆಯ ಬೀದಿಯಲ್ಲಿ ಗಾಡಿ ನಿಂತಾಗ ನೀರು ಕುದಿಯುತ್ತದೆ. ಏರಿನಲ್ಲಿ ಎಂಜಿನು ಟಣಟಣನೆ ಸದ್ದು ಮಾಡುತ್ತದೆ. ಅನೇಕ ಕಾರ್ಬ್ಯುರೇಟರುಗಳಲ್ಲಿ ಈ ಕೊಳವೆಯನ್ನು ತೊಡಿಸಲು ಒಂದಲ್ಲ, ಎರಡು ಮೂತಿಗಳಿರುತ್ತವೆ. ಯಾವುದಕ್ಕೆ ತೊಡಿಸಬೇಕು? ಹಳೆಯ ಗಾಡಿಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದಿರುವವರಲ್ಲಿ ಈ ಬಗೆಗೆ ಎರಡು ಪಕ್ಷಗಳುಂಟು. ಎರಡು ಪಕ್ಷದವರೂ ತಮ್ಮ ಅನುಭವವನ್ನೇ ಪ್ರಮಾಣವಾಗಿ ಮುಂದಿಡುತ್ತಾರೆ. ಆದರೆ ಕೊಳವೆಯೊಳಗೆ ಏನಿದೆ, ಅದು ಯಾರಿಗೆ ಯಾವ ಸುದ್ದಿಯನ್ನು ಒಯ್ಯುತ್ತದೆ ಎಂಬುದನ್ನು ತಿಳಿದುಕೊಂಡರೆ ವಾದದ ಬಹುಭಾಗ ತಾನಾಗಿಯೇ ಬಗೆಹರಿಯುತ್ತದೆ. ಪ್ರೌಢಶಾಲೆಯಲ್ಲಿ ಕಲಿಯುವ ಭೌತವಿಜ್ಞಾನವೇ ಇದಕ್ಕೆ ಸಾಕು.

ಉರಿಗೂ ಹೊತ್ತು ಬೇಕು

ಪೆಟ್ರೋಲು ಎಂಜಿನಿನ ಸಿಲಿಂಡರಿನಲ್ಲಿ ಗಾಳಿಯೂ ಪೆಟ್ರೋಲಿನ ಆವಿಯೂ ಸೇರಿದ ಮಿಶ್ರಣವು ಪಿಸ್ಟನ್ನಿನಿಂದ ಅದುಮಲ್ಪಡುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿ ಮಿಶ್ರಣ ಹೊತ್ತಿಕೊಳ್ಳುತ್ತದೆ. ಇದನ್ನು ನಾವು ಸ್ಫೋಟವೆಂದು ಕರೆಯುವುದು ರೂಢಿ. ಆದರೆ ಸರಿಯಾಗಿ ನಡೆಯುವ ಎಂಜಿನಿನಲ್ಲಿ ಆಗುವುದು ಸ್ಫೋಟವಲ್ಲ. ಒಣಹುಲ್ಲಿನ ಮೆದೆಯ ಒಂದು ಮೂಲೆಗೆ ಬೆಂಕಿ ತಗುಲಿದರೆ ಉರಿಯು ಅಲ್ಲಿಂದ ಉಳಿದ ಭಾಗಕ್ಕೆ ಹೇಗೆ ಹಬ್ಬುತ್ತ ಹೋಗುವುದೋ ಹಾಗೆಯೇ ಪ್ಲಗ್ಗಿನ ಬಳಿ ಹುಟ್ಟಿದ ಜ್ವಾಲೆಯು ಮಿಶ್ರಣವನ್ನು ಹಾದು ಆಚೆಯ ಗೋಡೆಯವರೆಗೆ ಸಾಗುತ್ತದೆ. ಇದಕ್ಕೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಕೆಲವು ಭಾಗಗಳಷ್ಟು ಕಾಲ ಹಿಡಿಯುತ್ತದೆ.

ಇದು ಅತ್ಯಲ್ಪ ಕಾಲವೆಂದು ತೋರಬಹುದು. ಆದರೆ ಎಂಜಿನಿನ ದೃಷ್ಟಿಯಲ್ಲಿ ಅದು ಅಲ್ಪವಲ್ಲ. ನಿಮಿಷಕ್ಕೆ ೬೦೦ ಸುತ್ತು ತಿರುಗುವ ಎಂಜಿನಿನ ಕ್ರ್ಯಾಂಕ್ ದಂಡವು ಒಂದು ಸೆಕೆಂಡಿಗೆ ೧೦ ಸುತ್ತು, ಎಂದರೆ ೩,೬೦೦ ಡಿಗ್ರಿ ತಿರುಗುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಅದು ೩.೬ ಡಿಗ್ರಿ ತಿರುಗಿರುತ್ತದೆ. ವೇಗವು ೩,೦೦೦ ಸುತ್ತಿಗೆ ಏರಿದರೆ ಅಷ್ಟೇ ಅವಧಿಯಲ್ಲಿ ೧೮ ಡಿಗ್ರಿ ತಿರುಗುತ್ತದೆ. ಲೆಕ್ಕದ ಸಲುವಾಗಿ ಉರಿ ಹಬ್ಬಲು ಸಾವಿರದಲ್ಲಿ ಎರಡು ಭಾಗ ಬೇಕೆಂದು ಇಟ್ಟುಕೊಂಡರೆ, ಆ ಹೊತ್ತಿಗೆ ದಂಡವು ಮೊದಲನೆಯ ಸಂದರ್ಭದಲ್ಲಿ ಸುಮಾರು ೭ ಡಿಗ್ರಿಯನ್ನೂ ಎರಡನೆಯದರಲ್ಲಿ ೩೬ ಡಿಗ್ರಿಯನ್ನೂ ತಿರುಗಿಬಿಟ್ಟಿರುತ್ತದೆ.

ಪಿಸ್ಟನ್ನಿನ ಮೇಲೆ ಅನಿಲದ ಒತ್ತಡವು ಪರಮಾವಧಿಯನ್ನು ಮುಟ್ಟಬೇಕಾದದ್ದು ಯಾವಾಗ? ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ, ಸಾಮಾನ್ಯವಾಗಿ ತುದಿ ದಾಟಿದ ಮೇಲೆ ೧೫ ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕೆ ಮುಂಚೆಯೇ ಒತ್ತಡವೇರಿದರೆ ಮೇಲೇರುತ್ತಿರುವ ಪಿಸ್ಟನ್ನನ್ನು ತಡೆದಂತಾಗುತ್ತದೆ. ತಡವಾಗಿ ಏರಿದರೆ ಪಿಸ್ಟನ್ನು ಆಗಲೇ ಕೆಳಗಿಳಿದಿರುತ್ತದೆ. ಕೆಲಸವಾಗಬೇಕಿದ್ದ ಶಾಖವು ಹೊಗೆಕೊಳವೆಯ ಪಾಲಾಗುತ್ತದೆ. ಆದ್ದರಿಂದ ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ಎಷ್ಟು ಡಿಗ್ರಿ ಮುನ್ನ ಎಂಬುದನ್ನೇ ಗ್ಯಾರೇಜಿನ ಭಾಷೆಯಲ್ಲಿ ‘ಅಡ್ವಾನ್ಸ್’ ಎನ್ನುತ್ತಾರೆ. ನಾವು ಅದನ್ನು ಕಿಡಿಯ ಮುನ್ನಡೆ ಎನ್ನೋಣ.

ಚಾಲಕನ ಕೈಯಿಂದ ಯಂತ್ರದ ಕೈಗೆ

ಮೊದಮೊದಲ ಗಾಡಿಗಳಲ್ಲಿ ಈ ಮುನ್ನಡೆಯನ್ನು ನಿರ್ಧರಿಸುತ್ತಿದ್ದವನು ಚಾಲಕನೇ. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಕಂಪೆನಿಯ ಪ್ರಸಿದ್ಧವಾದ ಟಿ ಮಾದರಿಯ ಗಾಡಿಯಲ್ಲಿ ತಿರುಗುಚಕ್ರದ ಕೆಳಗೆ ಎರಡು ಸನ್ನೆಗಳಿದ್ದುವು. ಬಲಗಡೆಯದು ಪೆಟ್ರೋಲಿನದು, ಎಡಗಡೆಯದು ಕಿಡಿಯದು. ಕೈಯಿಂದ ಹಿಡಿ ತಿರುಗಿಸಿ ಎಂಜಿನನ್ನು ಎಬ್ಬಿಸುವಾಗ ಕಿಡಿಯನ್ನು ತಡಮಾಡಿಕೊಳ್ಳಬೇಕಾಗಿತ್ತು. ಮರೆತರೆ ಪಿಸ್ಟನ್ನು ಹಿಂದಕ್ಕೆ ಒದೆದು, ತಿರುಗಿಸುವವನ ಮಣಿಕಟ್ಟು ಮುರಿಯುವ ಅಪಾಯವಿತ್ತು. ಎಂಜಿನು ಎದ್ದ ಬಳಿಕ ವೇಗಕ್ಕೆ ತಕ್ಕಂತೆ, ಸದ್ದನ್ನು ಆಲಿಸುತ್ತ, ಚಾಲಕನು ಸನ್ನೆಯನ್ನು ಸರಿಸುತ್ತಿದ್ದನು.

ಈ ಕೆಲಸದ ಒಂದು ಭಾಗವನ್ನು ಕ್ರಮೇಣ ಯಂತ್ರವೇ ವಹಿಸಿಕೊಂಡಿತು. ಡಿಸ್ಟ್ರಿಬ್ಯೂಟರಿನ ಒಳಗಣ ದಂಡಕ್ಕೆ ಎರಡು ಪುಟ್ಟ ತೂಕಗಳನ್ನು ಸ್ಪ್ರಿಂಗುಗಳೊಡನೆ ಜೋಡಿಸಿದರು. ವೇಗ ಹೆಚ್ಚಿದಂತೆ ಕೇಂದ್ರಾಪಗಾಮಿ ಬಲದಿಂದ ಅವು ಹೊರಕ್ಕೆ ಸರಿದು, ಕಿಡಿಯನ್ನು ಉಂಟುಮಾಡುವ ಉಬ್ಬುಗಾಲಿಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸುತ್ತವೆ. ಕಿಡಿ ಬೇಗನೆ ಹಾರುತ್ತದೆ. ವೇಗವೇರಿದಂತೆ ಸಿಲಿಂಡರಿನೊಳಗಿನ ಅನಿಲವು ಹೆಚ್ಚು ಕಲಕಿ ಉರಿಯೂ ಚುರುಕಾಗಿ ಹಬ್ಬುವುದರಿಂದ, ಮುನ್ನಡೆಯು ವೇಗದಷ್ಟೇ ಪ್ರಮಾಣದಲ್ಲಿ ಏರುತ್ತಲೇ ಹೋಗಬೇಕಾಗಿಲ್ಲ. ಆದುದರಿಂದ ಅನೇಕ ಎಂಜಿನುಗಳಲ್ಲಿ ೩,೦೦೦ ಸುತ್ತಿನ ಸುಮಾರಿಗೆ ಈ ತೂಕಗಳು ತಮ್ಮ ಎಲ್ಲೆಯನ್ನು ಮುಟ್ಟಿ ನಿಲ್ಲುತ್ತವೆ.

ಹೊರೆಯೂ ನಿರ್ವಾತವೂ

ಹಾಗಾದರೆ ಕಿಡಿಗೆ ತಿಳಿಯಬೇಕಾದದ್ದು ವೇಗವೊಂದೇ ಎಂದಾಯಿತೆ? ಇಲ್ಲ. ಒಂದೇ ವೇಗದಲ್ಲಿ ಓಡುತ್ತಿರುವ ಎರಡು ಗಾಡಿಗಳನ್ನು ಊಹಿಸಿಕೊಳ್ಳಿ. ಒಂದು ತುಂಬ ಜನರನ್ನು ಹೊತ್ತು ಏರನ್ನು ಹತ್ತುತ್ತಿದೆ. ಇನ್ನೊಂದು ಸಮತಟ್ಟಾದ ದಾರಿಯಲ್ಲಿ ಹಗುರಾಗಿ ಸಾಗುತ್ತಿದೆ. ಎಂಜಿನುಗಳ ಸುತ್ತು ಒಂದೇ, ಹೊರೆ ಬೇರೆ.

ಹೊರೆಯ ವ್ಯತ್ಯಾಸವು ಸಿಲಿಂಡರಿನೊಳಗೆ ಹೇಗೆ ತೋರಿಕೊಳ್ಳುತ್ತದೆ ಎಂಬುದನ್ನು ನೋಡೋಣ. ಕಾರ್ಬ್ಯುರೇಟರಿನ ಗಂಟಲಿನಲ್ಲಿ ಥ್ರಾಟಲ್ ಎಂಬ ದುಂಡು ಬಿಲ್ಲೆಯೊಂದಿದೆ. ಚಾಲಕನು ಆಕ್ಸಿಲರೇಟರನ್ನು ಒತ್ತಿದಾಗ ಅದು ತೆರೆಯುತ್ತದೆ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಬಿಲ್ಲೆ ಬಹುಮಟ್ಟಿಗೆ ಮುಚ್ಚಿದ್ದು, ಪಿಸ್ಟನ್ನುಗಳು ಒಂದೇ ಸಮನೆ ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತಿದ್ದರೆ, ಬಿಲ್ಲೆಯ ಕೆಳಗಡೆಯ ಕೊಠಡಿಯಲ್ಲಿ—ಅದರ ಹೆಸರು ಮ್ಯಾನಿಫೋಲ್ಡ್—ಗಾಳಿಯ ಒತ್ತಡವು ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಈ ಕೊರತೆಯನ್ನೇ ಗ್ಯಾರೇಜಿನಲ್ಲಿ ‘ವ್ಯಾಕ್ಯೂಮ್’ ಎನ್ನುವರು. ನಿರ್ವಾತವೆಂಬ ಕನ್ನಡದ ಮಾತು ಇಲ್ಲಿ ಪೂರ್ತಿ ಸಲ್ಲುವುದಿಲ್ಲ. ಏಕೆಂದರೆ ಗಾಳಿ ಅಲ್ಲಿ ಇಲ್ಲವೇ ಇಲ್ಲವೆಂದಲ್ಲ, ವಿರಳವಾಗಿದೆ ಎಂದು ಮಾತ್ರ ಅರ್ಥ. ಆದರೂ ಅನುಕೂಲಕ್ಕಾಗಿ ಅದನ್ನೇ ಬಳಸೋಣ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವು ಪಾದರಸದ ೭೬ ಸೆಂಟಿಮೀಟರು, ಎಂದರೆ ಸುಮಾರು ೩೦ ಅಂಗುಲ ಎಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಹಳೆಯ ಗಾಡಿಗಳ ಅಳತೆಗಳೆಲ್ಲ ಅಂಗುಲದಲ್ಲೇ ಇರುವುದರಿಂದ ನಾವೂ ಅಂಗುಲವನ್ನೇ ಹಿಡಿಯೋಣ. ಆರೋಗ್ಯವಾಗಿರುವ ಎಂಜಿನು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ ಮ್ಯಾನಿಫೋಲ್ಡಿನ ನಿರ್ವಾತವು ಸಾಮಾನ್ಯವಾಗಿ ೧೭ರಿಂದ ೨೧ ಅಂಗುಲದಷ್ಟಿರುತ್ತದೆ. ಅದು ೧೮ ಅಂಗುಲವಾದರೆ ಒಳಗೆ ಉಳಿದಿರುವ ಒತ್ತಡ ೧೨ ಅಂಗುಲ ಮಾತ್ರ. ಹೊರಗಿನ ಒತ್ತಡದ ಐದರಲ್ಲಿ ಎರಡು ಪಾಲು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಬಿಲ್ಲೆ ಅಡ್ಡವಾಗಿ ನಿಲ್ಲುವುದು ತಪ್ಪಿ, ನಿರ್ವಾತವು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹೀಗೆ ಮ್ಯಾನಿಫೋಲ್ಡಿನ ನಿರ್ವಾತವು ಹೊರೆಯನ್ನು ತಲೆಕೆಳಗಾಗಿ ಓದಿ ಹೇಳುವ ಮಾಪಕ: ಹೊರೆ ಹೆಚ್ಚಿದರೆ ಅದು ಇಳಿಯುತ್ತದೆ, ಹೊರೆ ತಗ್ಗಿದರೆ ಏರುತ್ತದೆ.

ಹಗುರವಾದ ಹೊರೆಯಲ್ಲಿ ಸಿಲಿಂಡರಿಗೆ ಬರುವ ಮಿಶ್ರಣ ವಿರಳ. ಅದಲ್ಲದೆ ಹಿಂದಿನ ಸಲ ಸುಟ್ಟು ಹೊರಹೋಗದೆ ಉಳಿದ ಅನಿಲದ ಪಾಲು ಅದರಲ್ಲಿ ಹೆಚ್ಚು. ವಿರಳವೂ ಕಲುಷಿತವೂ ಆದ ಮಿಶ್ರಣದಲ್ಲಿ ಉರಿ ನಿಧಾನವಾಗಿ ಹಬ್ಬುತ್ತದೆ. ಹಸಿ ಸೌದೆ ಬೆರೆತ ಒಲೆಯ ಹಾಗೆ. ನಿಧಾನವಾಗಿ ಉರಿಯುವುದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಕಿಡಿ ಇನ್ನಷ್ಟು ಬೇಗ ಹಾರಬೇಕು. ಹೊರೆ ಹೆಚ್ಚಿದಾಗಲಾದರೋ ಮಿಶ್ರಣ ದಟ್ಟವಾಗಿ ತುಂಬಿ ಬೇಗ ಉರಿಯುತ್ತದೆ. ಆಗ ಕಿಡಿಯು ಮೊದಲಿನಷ್ಟೇ ಬೇಗ ಹಾರಿದರೆ, ಉರಿ ತಲಪುವ ಮುನ್ನವೇ ದೂರದ ಮೂಲೆಯ ಮಿಶ್ರಣವು ಒತ್ತಡ ಮತ್ತು ಶಾಖಗಳಿಂದ ತಾನಾಗಿ ಹೊತ್ತಿಕೊಂಡುಬಿಡಬಹುದು. ಟಣಟಣ ಸದ್ದಿಗೆ ಕಾರಣ ಇದೇ. ಇದು ಬಹಳ ಹೊತ್ತು ನಡೆದರೆ ಪಿಸ್ಟನ್ನಿನ ತಲೆಯೇ ಕರಗಿ ತೂತಾಗುವುದುಂಟು.

ಪೊರೆಯ ಕೆಲಸ

ವೇಗದ ಸುದ್ದಿಯನ್ನು ತೂಕಗಳು ತಿಳಿಸುತ್ತವೆ. ಹೊರೆಯ ಸುದ್ದಿಯನ್ನು ತಿಳಿಸಬೇಕಾದದ್ದು ನಮ್ಮ ಕೊಳವೆ. ಅದು ಸೇರುವ ಡಬ್ಬಿಯೊಳಗೆ ರಬ್ಬರು ಲೇಪಿಸಿದ ಬಟ್ಟೆಯ ಪೊರೆಯೊಂದು ಬಿಗಿದಿದೆ. ಪೊರೆಯ ಒಂದು ಮೈಗೆ ಹೊರಗಿನ ಗಾಳಿ, ಇನ್ನೊಂದು ಮೈಗೆ ಕೊಳವೆಯ ನಿರ್ವಾತ. ಪೊರೆಗೆ ಕಟ್ಟಿದ ಸಣ್ಣ ಕಂಬಿಯು ಡಿಸ್ಟ್ರಿಬ್ಯೂಟರಿನೊಳಗೆ ಹೋಗಿ, ಕಿಡಿಯ ಸಂಪರ್ಕಬಿಂದುಗಳಿರುವ ತಟ್ಟೆಯನ್ನು ಹಿಡಿದಿದೆ. ನಿರ್ವಾತ ಹೆಚ್ಚಿದಾಗ ಕಂಬಿ ಎಳೆಯಲ್ಪಟ್ಟು, ತಟ್ಟೆ ತಿರುಗಿ, ಕಿಡಿ ಬೇಗ ಹಾರುತ್ತದೆ. ನಿರ್ವಾತ ತಗ್ಗಿದಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ.

ನಿರ್ವಾತವು ಪೊರೆಯನ್ನು ‘ಹೀರಿಕೊಂಡಿತು’ ಎಂದು ಹೇಳುವುದು ವಾಡಿಕೆ. ವಾಸ್ತವವಾಗಿ ಹೀರುವ ಬಲವೆಂಬುದು ಯಾವುದೂ ಇಲ್ಲ. ಹೊರಗಿನ ಗಾಳಿಯೇ ಪೊರೆಯನ್ನು ತಳ್ಳುತ್ತದೆ. ೧೭ನೆಯ ಶತಮಾನದಲ್ಲಿ ಜರ್ಮನಿಯ ಒಟ್ಟೊ ಫಾನ್ ಗೆರಿಕೆಯು ಗಾಳಿ ತೆಗೆದ ಎರಡು ಅರೆಗೋಳಗಳನ್ನು ಕುದುರೆಗಳ ತಂಡಗಳಿಂದ ಎಳೆಸಿ ತೋರಿಸಿದುದು ಇದನ್ನೇ. ನಮ್ಮ ಡಬ್ಬಿಯ ಪೊರೆಯ ಅಡ್ಡಳತೆ ೫ ಸೆಂಟಿಮೀಟರು ಎಂದಿರಲಿ. ಅದರ ವಿಸ್ತೀರ್ಣ ಹೆಚ್ಚುಕಡಿಮೆ ೨೦ ಚದರ ಸೆಂಟಿಮೀಟರು. ನಿರ್ವಾತ ೧೦ ಅಂಗುಲವಿದ್ದರೆ ಅದರ ಮೇಲೆ ಬೀಳುವ ಬಲವು ಆರೂವರೆ ಕಿಲೋಗ್ರಾಂ ಭಾರಕ್ಕೂ ಮಿಗಿಲು. ಸಣ್ಣ ತಟ್ಟೆಯೊಂದನ್ನು ಹತ್ತು ಡಿಗ್ರಿ ತಿರುಗಿಸಲು ಇದು ಧಾರಾಳವಾಯಿತು.

ಬ್ರಿಟನ್ನಿನ ಗಾಡಿಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಲೂಕಾಸ್ ಡಿಸ್ಟ್ರಿಬ್ಯೂಟರುಗಳ ಡಬ್ಬಿಯ ಮೇಲೆ ಮೂರು ಅಂಕಿಗಳನ್ನು ಒತ್ತಿರುತ್ತಾರೆ. ‘೫–೧೭–೧೦’ ಎಂದಿದ್ದರೆ ಅದರ ಅರ್ಥ ಹೀಗೆ: ೫ ಅಂಗುಲ ನಿರ್ವಾತಕ್ಕೆ ಪೊರೆ ಅಲುಗತೊಡಗುತ್ತದೆ, ೧೭ ಅಂಗುಲಕ್ಕೆ ಎಲ್ಲೆ ಮುಟ್ಟುತ್ತದೆ, ಆಗ ದೊರೆಯುವ ಮುನ್ನಡೆ ಡಿಸ್ಟ್ರಿಬ್ಯೂಟರಿನ ೧೦ ಡಿಗ್ರಿ. ಡಿಸ್ಟ್ರಿಬ್ಯೂಟರು ಕ್ರ್ಯಾಂಕ್ ದಂಡದ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ ಲೆಕ್ಕದಲ್ಲಿ ಅದು ೨೦ ಡಿಗ್ರಿಯಾಗುತ್ತದೆ. ಈ ಇಮ್ಮಡಿಯ ಲೆಕ್ಕವನ್ನು ಮರೆತು ಗೊಂದಲಕ್ಕೀಡಾಗುವವರು ಬಹಳ.

ಎರಡು ಮೂತಿಗಳು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾರ್ಬ್ಯುರೇಟರಿನಲ್ಲಿರುವ ಎರಡು ಮೂತಿಗಳಲ್ಲಿ ಒಂದರ ರಂಧ್ರವು ಥ್ರಾಟಲ್ ಬಿಲ್ಲೆಯ ಕೆಳಗಡೆ ತೆರೆದಿರುತ್ತದೆ. ಇದು ಮ್ಯಾನಿಫೋಲ್ಡಿನ ಮೂತಿ. ಇನ್ನೊಂದರ ರಂಧ್ರವು, ಬಿಲ್ಲೆ ಮುಚ್ಚಿರುವಾಗ ಅದರ ಅಂಚಿಗಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಇದನ್ನು ‘ಪೋರ್ಟೆಡ್’ ಎನ್ನುವರು. ನಾವು ಮೇಲಣ ಮೂತಿ ಎನ್ನೋಣ.

ಎಂಜಿನು ನಿಂತಲ್ಲೇ ಓಡುತ್ತಿರುವಾಗ ಬಿಲ್ಲೆ ಮುಚ್ಚಿರುತ್ತದೆ. ಆಗ ಕೆಳಗಣ ಮೂತಿಯಲ್ಲಿ ಪೂರ್ತಿ ನಿರ್ವಾತ. ಮೇಲಣ ಮೂತಿಯಲ್ಲಿ ಹೊರಗಿನ ಗಾಳಿಯ ಒತ್ತಡವೇ ಇರುವುದರಿಂದ ನಿರ್ವಾತ ಸೊನ್ನೆ. ಆಕ್ಸಿಲರೇಟರನ್ನು ತುಸು ಒತ್ತಿದರೆ ಬಿಲ್ಲೆಯ ಅಂಚು ಮೇಲಣ ರಂಧ್ರವನ್ನು ದಾಟಿ ಹೋಗುತ್ತದೆ. ಒಡನೆ ಆ ರಂಧ್ರವೂ ಮ್ಯಾನಿಫೋಲ್ಡಿನ ಕಡೆಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಎರಡು ಮೂತಿಗಳಲ್ಲಿಯೂ ಇರುವುದು ಬಹುಮಟ್ಟಿಗೆ ಒಂದೇ ನಿರ್ವಾತ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎರಡರಲ್ಲಿಯೂ ಸೊನ್ನೆಯ ಹತ್ತಿರ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಮೇಲಣ ಮೂತಿಯ ನಿರ್ವಾತವು ಗಾಡಿಯ ವೇಗ ಹೆಚ್ಚಿದಂತೆ ಏರುತ್ತಲೇ ಹೋಗುವುದೆಂದು ಅನೇಕರು ನಂಬಿದ್ದಾರೆ. ಗಾಳಿಯ ಹರಿವಿನೊಡನೆ ಏರುವ ನಿರ್ವಾತವು ಕಾರ್ಬ್ಯುರೇಟರಿನಲ್ಲಿ ಉಂಟು, ನಿಜ. ಆದರೆ ಅದಿರುವುದು ಬಿಲ್ಲೆಗಿಂತ ಬಹಳ ಮೇಲೆ, ಕೊಳವೆ ಸಪುರವಾಗುವ ವೆಂಚುರಿಯಲ್ಲಿ. ಮೇಲಣ ಮೂತಿ ಅದಲ್ಲ. ಎರಡು ಮೂತಿಗಳಿಗೆ ಇರುವ ವ್ಯತ್ಯಾಸ ಒಂದೇ ಒಂದು ಸ್ಥಿತಿಯಲ್ಲಿ: ಬಿಲ್ಲೆ ಮುಚ್ಚಿರುವಾಗ. ಹೀಗಾಗಿ ಇಡೀ ವಿವಾದವನ್ನು ಒಂದು ಪ್ರಶ್ನೆಗೆ ಇಳಿಸಬಹುದು. ಗಾಡಿ ನಿಂತು ಎಂಜಿನು ಓಡುತ್ತಿರುವಾಗ, ‘ಈಗ ಹೊರೆಯಿಲ್ಲ’ ಎಂಬ ಸುದ್ದಿಯನ್ನು ಕಿಡಿಗೆ ತಿಳಿಸಬೇಕೆ, ಬೇಡವೆ?

ಭೌತವಿಜ್ಞಾನದ ಮಟ್ಟಿಗೆ ಉತ್ತರ ಸರಳ. ನಿಂತ ಗಾಡಿಯ ಎಂಜಿನಿನಲ್ಲಿ ಮಿಶ್ರಣ ಅತ್ಯಂತ ವಿರಳ, ಉರಿ ಅತ್ಯಂತ ನಿಧಾನ. ಆದ್ದರಿಂದ ಮುನ್ನಡೆ ಹೆಚ್ಚಬೇಕು. ಮೊದಲ ನೆಲೆಯಾಗಿ ೧೦ ಡಿಗ್ರಿ ಇಟ್ಟಿರುವ ಎಂಜಿನಿಗೆ ಪೊರೆಯು ಇನ್ನು ೧೬ ಡಿಗ್ರಿಯನ್ನು ಕೂಡಿಸಿದರೆ ೨೬ ಆಗುತ್ತದೆ. ಆಗ ಉರಿ ಸಕಾಲದಲ್ಲಿ ಮುಗಿದು, ಅದೇ ಗಾಳಿ, ಅದೇ ಪೆಟ್ರೋಲಿನಿಂದ ಎಂಜಿನು ಹೆಚ್ಚು ಚುರುಕಾಗಿ ಓಡುತ್ತದೆ. ಥ್ರಾಟಲ್ಲಿನ ತಿರುಪನ್ನು ಸಡಿಲಿಸಿ ವೇಗವನ್ನು ಮತ್ತೆ ಇಳಿಸಬಹುದು. ಪೆಟ್ರೋಲು ಉಳಿಯುತ್ತದೆ, ಎಂಜಿನು ತಣ್ಣಗಿರುತ್ತದೆ. ಹಾಗಿದ್ದ ಮೇಲೆ ಮೇಲಣ ಮೂತಿಯನ್ನು ಯಾರು, ಏತಕ್ಕಾಗಿ ಬಯಸಿದರು?

ಲಾಸ್ ಏಂಜಲಿಸ್ ನಗರದ ಹೊಗೆಮಂಜು

ಮೇಲಣ ಮೂತಿ ಹೊಸದೇನೂ ಅಲ್ಲ. ಅದಕ್ಕೆ ಮೊದಲಿನಿಂದಲೂ ಒಂದು ಉಪಯೋಗವಿತ್ತು. ಕೆಳಗಣ ಮೂತಿಗೆ ಜೋಡಿಸಿದಾಗ ಎಂಜಿನಿನ ವೇಗ ಯಾವ ಕಾರಣದಿಂದಲಾದರೂ ಸ್ವಲ್ಪ ಕುಗ್ಗಿತೆಂದರೆ ನಿರ್ವಾತವೂ ಕುಗ್ಗುತ್ತದೆ, ಮುನ್ನಡೆ ತಗ್ಗುತ್ತದೆ, ಅದರಿಂದ ವೇಗ ಮತ್ತಷ್ಟು ಕುಗ್ಗುತ್ತದೆ. ಮೇಲಣ ಮೂತಿಯಲ್ಲಿ ಈ ತೊಡಕಿಲ್ಲ. ಆದರೆ ೧೯೬೦ರ ದಶಕದಲ್ಲಿ ಅಮೆರಿಕದ ಗಾಡಿಗಳಲ್ಲಿ ಅದಕ್ಕೆ ಬಂದ ಪ್ರಾಶಸ್ತ್ಯಕ್ಕೆ ಕಾರಣ ಎಂಜಿನಿನ ಒಳಗಲ್ಲ, ಹೊರಗೆ ಇತ್ತು.

ಕ್ಯಾಲಿಫೋರ್ನಿಯದ ಲಾಸ್ ಏಂಜಲಿಸ್ ನಗರವನ್ನು ಆಗಾಗ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. ಅಲ್ಲಿಯ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿದ್ದ, ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಆರೀ ಹಾಗನ್-ಸ್ಮಿಟ್ ಎಂಬ ರಸಾಯನವಿಜ್ಞಾನಿಯು ೧೯೫೦ರ ದಶಕದ ಆರಂಭದಲ್ಲಿ ಅದರ ಮೂಲವನ್ನು ತೋರಿಸಿದನು. ಉರಿಯದೆ ಹೊರಬಿದ್ದ ಹೈಡ್ರೊಕಾರ್ಬನ್ನುಗಳೂ ನೈಟ್ರೊಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ವರ್ತಿಸಿ ಆ ಮಬ್ಬನ್ನು ಉಂಟುಮಾಡುತ್ತಿದ್ದುವು. ಅವುಗಳ ದೊಡ್ಡ ಮೂಲಗಳಲ್ಲಿ ಮೋಟಾರು ಗಾಡಿಯೂ ಒಂದಾಗಿತ್ತು. ಕ್ಯಾಲಿಫೋರ್ನಿಯವು ೧೯೬೬ರ ಮಾದರಿಯ ಗಾಡಿಗಳಿಂದಲೂ, ಇಡೀ ಅಮೆರಿಕ ಸಂಯುಕ್ತ ಸಂಸ್ಥಾನವು ೧೯೬೮ರ ಮಾದರಿಯ ಗಾಡಿಗಳಿಂದಲೂ ಹೊಗೆಗೆ ಮಿತಿಯನ್ನು ವಿಧಿಸಿದುವು.

ಹೊಗೆಯನ್ನು ಶುದ್ಧಮಾಡುವ ವೇಗವರ್ಧಕ ಡಬ್ಬಿಗಳು ವ್ಯಾಪಕವಾಗಿ ಬಂದದ್ದು ೧೯೭೫ರ ಮಾದರಿಯ ಗಾಡಿಗಳಲ್ಲಿ. ಅಲ್ಲಿಯವರೆಗೆ ತಯಾರಕರ ಕೈಯಲ್ಲಿದ್ದ ಅಗ್ಗದ ಉಪಾಯಗಳಲ್ಲೊಂದು ಕಿಡಿಯನ್ನು ತಡಮಾಡುವುದು. ನಿಂತಾಗ ಕಿಡಿ ತಡವಾದರೆ ಅನಿಲವು ಇನ್ನೂ ಉರಿಯುತ್ತಿರುವಾಗಲೇ, ಬಹಳ ಬಿಸಿಯಾಗಿ, ಹೊಗೆಕೊಳವೆಗೆ ಹೋಗುತ್ತದೆ. ಅಲ್ಲಿ ಉಳಿದ ಹೈಡ್ರೊಕಾರ್ಬನ್ನು ಸುಟ್ಟುಹೋಗುತ್ತದೆ. ಎಂಜಿನು ನಿಲ್ಲದಿರಬೇಕಾದರೆ ಥ್ರಾಟಲನ್ನು ಮೊದಲಿಗಿಂತ ಹೆಚ್ಚು ತೆರೆದಿಡಬೇಕಾಗುತ್ತದೆ. ಅದರಿಂದ ಮಿಶ್ರಣವೂ ಸ್ವಲ್ಪ ದಟ್ಟವಾಗಿ ಚೆನ್ನಾಗಿ ಉರಿಯುತ್ತದೆ. ಇದಕ್ಕೆ ತೆತ್ತ ಬೆಲೆ ಎರಡು: ಹೆಚ್ಚು ಪೆಟ್ರೋಲು, ಹೆಚ್ಚು ಬಿಸಿಯಾದ ಎಂಜಿನು.

ಫೋರ್ಡ್ ಕಂಪೆನಿಯ ಆ ಕಾಲದ ಕೆಲವು ಡಿಸ್ಟ್ರಿಬ್ಯೂಟರುಗಳಲ್ಲಿ ಒಂದೇ ಡಬ್ಬಿಗೆ ಎರಡು ಪೊರೆಗಳಿದ್ದುವು. ಹೊರಗಣ ಪೊರೆಗೆ ಮೇಲಣ ಮೂತಿಯಿಂದ ಬಂದ ಕೊಳವೆ. ಅದು ಕಿಡಿಯನ್ನು ಮುಂದಕ್ಕೆ ತರುತ್ತದೆ. ಡಿಸ್ಟ್ರಿಬ್ಯೂಟರಿನ ಮಗ್ಗುಲ ಪೊರೆಗೆ ಮ್ಯಾನಿಫೋಲ್ಡಿನಿಂದ ಬಂದ ಕೊಳವೆ. ಅದು ನಿಂತಾಗ ಕಿಡಿಯನ್ನು ಹಿಂದಕ್ಕೆಳೆಯುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ಡಬ್ಬಿಯ ಉದ್ದೇಶವೇ ತಲೆಕೆಳಗಾಗುತ್ತದೆ. ಇನ್ನೂ ಸ್ವಾರಸ್ಯವಾದುದು ಮೂರು ಮೂತಿಗಳ ಒಂದು ಕವಾಟ. ಅದನ್ನು ಎಂಜಿನಿನ ನೀರಿನ ದಾರಿಯಲ್ಲಿ ತಿರುಪಿ ಕೂರಿಸಿರುತ್ತಾರೆ. ನಡುವಣ ಮೂತಿ ಡಿಸ್ಟ್ರಿಬ್ಯೂಟರಿಗೆ, ಉಳಿದ ಎರಡರಲ್ಲಿ ಒಂದು ಮೇಲಣ ಮೂತಿಗೆ, ಇನ್ನೊಂದು ಮ್ಯಾನಿಫೋಲ್ಡಿಗೆ. ನೀರು ಮಿತಿಮೀರಿ ಕಾದಾಗ ಕವಾಟವು ಡಿಸ್ಟ್ರಿಬ್ಯೂಟರನ್ನು ಮೇಲಣ ಮೂತಿಯಿಂದ ಬಿಡಿಸಿ ಮ್ಯಾನಿಫೋಲ್ಡಿಗೆ ಸೇರಿಸುತ್ತದೆ. ಆಗ ಕಿಡಿ ಮುಂದಕ್ಕೆ ಬಂದು, ಎಂಜಿನಿನ ವೇಗವೇರಿ, ಶಾಖ ಇಳಿಯುತ್ತದೆ. ತಡವಾದ ಕಿಡಿಯಿಂದ ಎಂಜಿನು ಕಾಯುತ್ತದೆಂಬುದನ್ನು ವಿನ್ಯಾಸಗಾರರು ಬಲ್ಲವರಾಗಿದ್ದರು. ನಗರದ ಗಾಳಿಗೋಸ್ಕರ ಅದನ್ನು ಒಂದು ಮಿತಿಯವರೆಗೆ ಸಹಿಸಿಕೊಂಡು, ಮಿತಿ ಮೀರಿದಾಗ ಬಿಟ್ಟುಕೊಡುವಂತೆ ಈ ಕವಾಟವನ್ನು ಇಟ್ಟರು.

ಆದ್ದರಿಂದ ಮೇಲಣ ಮೂತಿಯನ್ನು ಸುಮ್ಮನೆ ಮೂರ್ಖತನವೆನ್ನುವುದು ಸಲ್ಲದು. ಅಲ್ಲಿ ಎರಡು ಹಿತಗಳ ತೂಗಾಟವಿತ್ತು. ಗಾಡಿಯ ಒಡೆಯನು ಪೆಟ್ರೋಲನ್ನೂ ತಂಪನ್ನೂ ಕಳೆದುಕೊಂಡನು. ಬೀದಿಯಲ್ಲಿ ಉಸಿರಾಡುವವರು ಸ್ವಲ್ಪ ಪಡೆದುಕೊಂಡರು.

ಯಾವುದಕ್ಕೆ ಜೋಡಿಸಬೇಕು?

ಮೊದಲನೆಯ ನಿಯಮವೆಂದರೆ, ಡಿಸ್ಟ್ರಿಬ್ಯೂಟರೂ ಕಾರ್ಬ್ಯುರೇಟರೂ ಮೂಲದಲ್ಲಿ ಹೇಗೆ ಬಂದುವೋ ಹಾಗೆಯೇ ಇದ್ದರೆ, ತಯಾರಕನ ಕೈಪಿಡಿಯಲ್ಲಿರುವಂತೆಯೇ ಜೋಡಿಸತಕ್ಕದ್ದು. ಆ ಎಂಜಿನಿನ ಮೊದಲ ನೆಲೆ, ತೂಕಗಳು, ಪೊರೆ, ಮೂತಿ ಇವೆಲ್ಲ ಒಂದನ್ನೊಂದು ನೋಡಿಕೊಂಡು ಗೊತ್ತುಮಾಡಿದುವು. ೧೯೫೦ರ ದಶಕದ ಹಲವು ಫೋರ್ಡ್ ಎಂಜಿನುಗಳಲ್ಲಿದ್ದ ‘ಲೋಡ್-ಓ-ಮ್ಯಾಟಿಕ್’ ಡಿಸ್ಟ್ರಿಬ್ಯೂಟರು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ತೂಕಗಳೇ ಇಲ್ಲ. ವೇಗದ ಸುದ್ದಿಯೂ ಹೊರೆಯ ಸುದ್ದಿಯೂ ಒಂದೇ ಕೊಳವೆಯಲ್ಲಿ ಬರುವಂತೆ, ಅದರ ಕಾರ್ಬ್ಯುರೇಟರಿನಲ್ಲಿ ವೆಂಚುರಿಯ ನಿರ್ವಾತವನ್ನೂ ಥ್ರಾಟಲಿನ ಬಳಿಯ ನಿರ್ವಾತವನ್ನೂ ಬೆರೆಸಿ ಕಳುಹಿಸುತ್ತಿದ್ದರು. ಬೇರೆಯ ಕಾರ್ಬ್ಯುರೇಟರನ್ನು ತಂದು ಕೂರಿಸಿ, ಈ ಕೊಳವೆಯನ್ನು ಅದರ ಯಾವ ಮೂತಿಗೆ ಸಿಕ್ಕಿಸಿದರೂ ಕಿಡಿಗೆ ಸರಿಯಾದ ಸುದ್ದಿ ತಲಪುವುದಿಲ್ಲ.

ಭಾಗಗಳು ಬದಲಾಗಿ, ಕೈಪಿಡಿಯೂ ಇಲ್ಲದಿದ್ದಾಗ ನಿರ್ವಾತಮಾಪಕವೇ ಗುರು. ಮೂತಿ ಎಡಗಡೆಯದೋ ಬಲಗಡೆಯದೋ ಎಂಬುದು ತಯಾರಕನಿಂದ ತಯಾರಕನಿಗೆ ಬದಲಾಗುತ್ತದೆ. ಮಾಪಕವು ಸುಳ್ಳು ಹೇಳುವುದಿಲ್ಲ. ಎಂಜಿನು ಬಿಸಿಯಾಗಿ ನಿಂತಲ್ಲೇ ಓಡುತ್ತಿರುವಾಗ ಸೊನ್ನೆ ತೋರಿಸಿ, ಆಕ್ಸಿಲರೇಟರನ್ನು ತುಸು ಒತ್ತಿದೊಡನೆ ಮೇಲಕ್ಕೆ ನೆಗೆಯುವುದು ಮೇಲಣ ಮೂತಿ. ನಿಂತಾಗಲೇ ಪೂರ್ತಿ ತೋರಿಸುವುದು ಮ್ಯಾನಿಫೋಲ್ಡಿನದು. ಬಳಿಕ ಪೊರೆಯನ್ನು ಪರೀಕ್ಷಿಸಬೇಕು. ಸಣ್ಣ ಕೈಪಂಪಿನಿಂದ ಡಬ್ಬಿಯ ಗಾಳಿಯನ್ನು ತೆಗೆದು ಹಾಗೆಯೇ ಬಿಟ್ಟರೆ ಮುಳ್ಳು ಇಳಿಯದೆ ನಿಲ್ಲಬೇಕು. ಇಳಿದರೆ ಪೊರೆ ಹರಿದಿದೆ. ಆಗ ಮುನ್ನಡೆಯೂ ಇಲ್ಲ, ಆ ಸೀಳಿನಿಂದ ನುಗ್ಗುವ ಗಾಳಿಯಿಂದ ಮಿಶ್ರಣವೂ ಕೆಡುತ್ತದೆ.

ಟೈಮಿಂಗ್ ದೀಪದಿಂದ ಮೊದಲ ನೆಲೆಯನ್ನು ನೋಡುವಾಗ ಸಾಮಾನ್ಯವಾಗಿ ಕೊಳವೆಯನ್ನು ಕಳಚಿ, ಅದರ ಬಾಯಿಯನ್ನು ತಿರುಪುಮೊಳೆಯಿಂದಲೋ ಬಿರಡೆಯಿಂದಲೋ ಮುಚ್ಚಬೇಕು. ಮುಚ್ಚದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಎಂಜಿನಿನ ವೇಗ ಬದಲಾಗುತ್ತದೆ. ವೇಗ ಏರಿದರೆ ತೂಕಗಳು ಸರಿಯತೊಡಗಿ ಓದು ತಪ್ಪಾಗುತ್ತದೆ. ಅಮೆರಿಕದ ಅನೇಕ ವಿ-೮ ಎಂಜಿನುಗಳಲ್ಲಿ ಮೊದಲ ನೆಲೆಯೂ ತೂಕಗಳೂ ಸೇರಿ ೩೪ರಿಂದ ೩೬ ಡಿಗ್ರಿ, ಹಗುರವಾದ ಓಟದಲ್ಲಿ ಪೊರೆಯದೂ ಸೇರಿ ೫೦ರ ಸುಮಾರು ಆಗುವುದನ್ನು ಯೋಗ್ಯವೆಂದು ಎಣಿಸುವರು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದೊಡನೆ ನಿರ್ವಾತವೇ ಇಲ್ಲದಾಗಿ ಪೊರೆಯ ಪಾಲು ಕಳೆದುಹೋಗುವುದರಿಂದ ಈ ೫೦ ಡಿಗ್ರಿಯಿಂದ ಭಾರವಾದ ಹೊರೆಯಲ್ಲಿ ಅಪಾಯವಿಲ್ಲ.

ಮ್ಯಾನಿಫೋಲ್ಡಿನ ಮೂತಿಯನ್ನು ಆರಿಸಿಕೊಂಡವರು ಒಂದನ್ನು ಗಮನಿಸಬೇಕು. ನಿಂತಾಗಿನ ನಿರ್ವಾತಕ್ಕಿಂತ ಎರಡು ಅಂಗುಲ ಕಡಿಮೆಯಲ್ಲಿಯೇ ಪೊರೆಯು ತನ್ನ ಎಲ್ಲೆಯನ್ನು ಮುಟ್ಟುವಂತಿರಬೇಕು. ಇಲ್ಲವಾದರೆ ನಿರ್ವಾತದ ಸಣ್ಣ ಏರಿಳಿತಕ್ಕೆಲ್ಲ ಕಿಡಿ ಅಲ್ಲಾಡಿ, ಮೊದಲೇ ಹೇಳಿದ ತೊಡಕು ತಲೆದೋರುತ್ತದೆ. ಪರೀಕ್ಷೆಯನ್ನು ಬಯಲಿನಲ್ಲಿ ಮಾಡುವುದು ಕ್ಷೇಮ. ಮುಚ್ಚಿದ ಕೋಣೆಯಲ್ಲಿ ಓಡುವ ಎಂಜಿನಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ದಯೆಯೂ ಇಲ್ಲ.

ಮಂಗಳೂರಿನ ಹದಿನೆಂಟು, ಬೆಂಗಳೂರಿನ ಹದಿನೈದು

ನಮ್ಮ ನಾಡಿನವರು ನೆನಪಿಡಬೇಕಾದ ಸಂಗತಿಯೊಂದಿದೆ. ೨೦೧೪ರವರೆಗೆ ತಯಾರಾದ ಅಂಬಾಸಡರ್ ಗಾಡಿಯನ್ನು ನೋಡದವರು ಕಡಿಮೆ. ಅದರ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಬಹುಕಾಲ ಅದಕ್ಕಿದ್ದ ೧,೪೮೯ ಘನ ಸೆಂಟಿಮೀಟರಿನ ಪೆಟ್ರೋಲು ಎಂಜಿನೂ ಅಲ್ಲಿಯದೇ. ಇಂಥ ಗಾಡಿಯ ಡಿಸ್ಟ್ರಿಬ್ಯೂಟರಿನಲ್ಲಿ ಮೇಲೆ ಹೇಳಿದ ೫–೧೭–೧೦ರ ಡಬ್ಬಿ ಇದೆಯೆಂದು ಉದಾಹರಣೆಗಾಗಿ ಭಾವಿಸೋಣ. ಹಗುರವಾದ ಓಟದಲ್ಲಿ ಮ್ಯಾನಿಫೋಲ್ಡಿನೊಳಗೆ ಉಳಿದಿರುವ ಒತ್ತಡ ೧೨ ಅಂಗುಲವಿರಲಿ.

ಮಂಗಳೂರಿನಲ್ಲಿ ಹೊರಗಿನ ಒತ್ತಡ ಸುಮಾರು ೩೦ ಅಂಗುಲ. ಮಾಪಕ ತೋರಿಸುವ ನಿರ್ವಾತ ೧೮. ಪೊರೆ ತನ್ನ ಎಲ್ಲೆಯನ್ನು ಮುಟ್ಟಿ ಕ್ರ್ಯಾಂಕಿನ ೨೦ ಡಿಗ್ರಿ ಕೊಡುತ್ತದೆ. ಅದೇ ಗಾಡಿ ಘಟ್ಟ ಹತ್ತಿ ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿಗೆ ಬಂದಿತೆನ್ನಿ. ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಅಂಗುಲದಂತೆ ಹೊರಗಿನ ಒತ್ತಡ ೨೭ಕ್ಕೆ ಇಳಿದಿರುತ್ತದೆ. ಒಳಗಿನದು ಅದೇ ೧೨ ಆಗಿದ್ದರೆ ನಿರ್ವಾತ ೧೫ ಮಾತ್ರ. ಪೊರೆ ೫ ಮತ್ತು ೧೭ರ ನಡುವಣ ಹನ್ನೆರಡು ಪಾಲಿನಲ್ಲಿ ಹತ್ತನ್ನಷ್ಟೇ ಸರಿದು, ಮುನ್ನಡೆ ೧೭ ಡಿಗ್ರಿಯಷ್ಟಾಗುತ್ತದೆ. ಸಿಲಿಂಡರಿನೊಳಗಿನ ಮಿಶ್ರಣ ಅಷ್ಟೇ ವಿರಳ, ಉರಿ ಅಷ್ಟೇ ನಿಧಾನ. ಆದರೆ ಕಿಡಿಗೆ ತಲಪಿದ ಸುದ್ದಿಯಲ್ಲಿ ಮೂರು ಡಿಗ್ರಿಯ ಕೊರತೆ. ಬೆಂಗಳೂರಿನಲ್ಲಿ ಮಾಪಕ ೧೫ ತೋರಿಸಿತೆಂದು ಎಂಜಿನಿಗೆ ರೋಗವೆಂದು ಭಾವಿಸಿ ಬಿಚ್ಚಿಹಾಕುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡಬೇಕು.

ಈ ಕೊರತೆಗೆ ಕಾರಣ ಸ್ಪಷ್ಟ. ಪೊರೆಯು ಅಳೆಯುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ಅಂತರವನ್ನು. ಉರಿಗೆ ಬೇಕಾದದ್ದು ಒಳಗಿನ ಒತ್ತಡವೊಂದೇ.

ಕೊಳವೆ ಹೋಯಿತು, ಪ್ರಶ್ನೆ ಉಳಿಯಿತು

ಇಂದಿನ ಗಾಡಿಗಳಲ್ಲಿ ಈ ಕೊಳವೆಯೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ೧೯೭೦ರ ದಶಕದ ಉತ್ತರಾರ್ಧದಲ್ಲಿ ಕಿಡಿಯ ಕಾಲವನ್ನು ಎಲೆಕ್ಟ್ರಾನಿಕ್ ಸಾಧನಗಳಿಂದ ಗೊತ್ತುಮಾಡುವ ಕ್ರಮ ಆರಂಭವಾಯಿತು. ಈಗ ಮ್ಯಾನಿಫೋಲ್ಡಿನಲ್ಲಿ ಕೂತಿರುವ ಸಣ್ಣ ಸಂವೇದಕವು ಒಳಗಿನ ಒತ್ತಡವನ್ನೇ ನೇರವಾಗಿ ಅಳೆಯುತ್ತದೆ. ಆದುದರಿಂದ ಮಂಗಳೂರು ಬೆಂಗಳೂರುಗಳ ಭೇದ ಅದಕ್ಕೆ ತೊಡಕಾಗುವುದಿಲ್ಲ. ಟಣಟಣ ಸದ್ದನ್ನು ಆಲಿಸಲು ಟಿ ಮಾದರಿಯ ಚಾಲಕನ ಕಿವಿಗೆ ಬದಲಾಗಿ ಇನ್ನೊಂದು ಸಂವೇದಕವಿದೆ. ಹೊಗೆಯನ್ನು ಶುದ್ಧಮಾಡುವ ಕೆಲಸ ವೇಗವರ್ಧಕದ ಡಬ್ಬಿಯದು.

ಆದರೂ ಆ ಸಂವೇದಕವು ಕೇಳುವ ಪ್ರಶ್ನೆ ಹಳೆಯ ಪೊರೆಯದೇ: ಹೊರೆ ಎಷ್ಟು, ಉರಿಗೆ ಎಷ್ಟು ಹೊತ್ತು ಬೇಕು? ಹಳೆಯ ಗಾಡಿಯ ವಿಶೇಷವೆಂದರೆ ಅಲ್ಲಿ ಪ್ರಶ್ನೆಯನ್ನೂ ಉತ್ತರವನ್ನೂ ಕಣ್ಣಾರೆ ಕಾಣಬಹುದು. ನಿಮ್ಮ ಊರಿನ ಗ್ಯಾರೇಜಿನಲ್ಲಿ ಅಂಥದೊಂದು ಗಾಡಿಯಿದ್ದರೆ, ಮೇಸ್ತ್ರಿಯ ಅಪ್ಪಣೆ ಪಡೆದು ಮಾಪಕವೊಂದನ್ನು ಎರಡು ಮೂತಿಗಳಿಗೂ ಹಿಡಿದು ನೋಡಿ. ಥ್ರಾಟಲ್ ಬಿಲ್ಲೆಯ ಅಂಚು ರಂಧ್ರವನ್ನು ದಾಟುವ ಕ್ಷಣದಲ್ಲಿ ಮುಳ್ಳು ನೆಗೆಯುವುದನ್ನು ಒಮ್ಮೆ ಕಂಡವರಿಗೆ ಕೊಳವೆಯನ್ನು ಎಲ್ಲಿ ತೊಡಿಸಬೇಕೆಂದು ಇನ್ನೊಬ್ಬರನ್ನು ಕೇಳುವ ಅಗತ್ಯ ಬೀಳುವುದಿಲ್ಲ.